ಮಾತು ಭಾರವಾದರೆ ಹೆಜ್ಜೆ ನಿಲ್ಲುತ್ತದೆ

ಮೂವರು ಗೆಳೆಯರು ಮಾತಾಡುತ್ತಾ ಹೋಗುವುದನ್ನು ಹಿಂದಿನಿಂದ ಗಮನಿಸಿ. ದಾರಿ ಖಾಲಿಯಿದ್ದರೆ ಅಕ್ಕಪಕ್ಕ ನಡೆಯುತ್ತಾರೆ. ಜನ ಹೆಚ್ಚಿದ ಕೂಡಲೇ ನಡುವಿನವರು ತುಸು ಹಿಂದೆ ಸರಿಯುತ್ತಾರೆ, ಇಬ್ಬದಿಯವರು ಮುಂದಾಗುತ್ತಾರೆ. ಫ್ರಾನ್ಸಿನ ತುಲೂಸ್‌ನಲ್ಲಿ ಮೆಹದಿ ಮುಸಾಯಿದ್ ಮತ್ತು ಸಂಗಡಿಗರು ಪಾದಚಾರಿಗಳ ವಿಡಿಯೊಗಳನ್ನು ಅಳೆದು 2010ರಲ್ಲಿ ಈ ಸಂಗತಿಯನ್ನು ಪ್ರಕಟಿಸಿದರು. ಜನರ ನಡುವೆ ನುಸುಳಬೇಕಾದರೆ ಮೊನೆ ಮುಂದಿರಬೇಕು, ಹಾರುವ ಬಾತುಗಳ ಸಾಲಿನಲ್ಲಿರುವಂತೆ. ಮನುಷ್ಯರದು ತಿರುಗುಮುರುಗು. ಮೊನೆ ಹಿಂದಿದ್ದರೆ ಮಾತ್ರ ಪರಸ್ಪರ ಮುಖ ಕಾಣುತ್ತದೆ, ದನಿ ಕೇಳುತ್ತದೆ. ನಡಿಗೆ ನಿಧಾನವಾದರೂ ಸರಿ, ಮಾತು ಕಡಿಯಬಾರದು.

ಜೊತೆ ನಡಿಗೆಗೆ ದೇಹ ಕೊಂಚ ಬೆಲೆಯನ್ನೂ ತೆರುತ್ತದೆ. ಪ್ರತಿಯೊಬ್ಬರಿಗೂ ಅತಿ ಕಡಿಮೆ ಶಕ್ತಿಯಲ್ಲಿ ದೂರ ಸಾಗಿಸುವ ಒಂದು ವೇಗವಿದೆ. ಒಂಟಿಯಾಗಿ ಹೊರಟಾಗ ಕಾಲು ಹೆಚ್ಚುಕಡಿಮೆ ಅದನ್ನೇ ಹಿಡಿಯುತ್ತದೆ. ಇಬ್ಬರಾದರೆ ಯಾರಾದರೊಬ್ಬರು ಬಿಟ್ಟುಕೊಡಬೇಕು. ಅಮೆರಿಕದ ಸಿಯಾಟಲ್‌ನಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತಮ್ಮ ಪ್ರೇಯಸಿಯ ಜೊತೆ ನಡೆದ ಗಂಡಸರು ವೇಗವನ್ನು ಸುಮಾರು ಶೇ. 7ರಷ್ಟು ತಗ್ಗಿಸಿದ್ದರು.

ಉಸಿರಿನದು ಇನ್ನೊಂದು ಲೆಕ್ಕ. ನಾವು ಮಾತಾಡುವುದು ಉಸಿರು ಬಿಡುವಾಗ. ಹಾಗಾಗಿ ಗಕ್ಕನೆ ಗಾಳಿ ಎಳೆದುಕೊಂಡು, ಅದನ್ನು ಮೆಲ್ಲಗೆ ವಾಕ್ಯದುದ್ದಕ್ಕೂ ಬಿಡುತ್ತೇವೆ. ಏರು ಬಂದಾಗ ಸ್ನಾಯುಗಳು ಹೆಚ್ಚು ಗಾಳಿ ಬೇಡುತ್ತವೆ, ವಾಕ್ಯಗಳು ತುಂಡಾಗುತ್ತವೆ. ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ಏದುಸಿರಿದ್ದರೆ ಅದು ಹದವಾದ ವ್ಯಾಯಾಮ ಎನ್ನುತ್ತಾರೆ ವೈದ್ಯರು. ಸಂಗಾತಿ ಜೊತೆಗಿದ್ದರೆ ನಾಡಿ ಎಣಿಸುವ ಕೈಗಡಿಯಾರ ಬೇಕಿಲ್ಲ.

ಆದರೆ ಮಾತಿಗೂ ನಡಿಗೆಗೂ ಬೇಕಾದ ಗಮನ ಒಂದೇ ಬೊಕ್ಕಸದ್ದು. ಸ್ವೀಡನ್ನಿನ ಸಂಶೋಧಕರು ವಸತಿಗೃಹವೊಂದರ 58 ಹಿರಿಯರ ಜೊತೆ ಹೆಜ್ಜೆ ಹಾಕುತ್ತಾ ಮಾತಿಗೆಳೆದರು. ಉತ್ತರಿಸಲು ನಿಂತುಬಿಟ್ಟವರು 12 ಮಂದಿ. ಅವರಲ್ಲಿ 10 ಮಂದಿ ಆರು ತಿಂಗಳೊಳಗೆ ಬಿದ್ದಿದ್ದರು. 1997ರ ಈ ಅಧ್ಯಯನವನ್ನು ಅಪ್ಪ ಅಮ್ಮನ ಜೊತೆ ವಾಕಿಂಗ್ ಹೋಗುವವರೆಲ್ಲ ತಿಳಿದಿರಬೇಕು. ಗಟ್ಟಿಮುಟ್ಟಾದವರೂ ನಿಲ್ಲುವುದುಂಟು, ಪ್ರಶ್ನೆ ಕಠಿಣವಾಗಿರಬೇಕಷ್ಟೆ. 23ನ್ನು 78ರಿಂದ ಗುಣಿಸು ಎಂದರೆ ಜೊತೆಗಾರ ನಿಂತೇ ನಿಲ್ಲುತ್ತಾನೆ ಎಂದು ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಬರೆದಿದ್ದಾರೆ.

ಇಂಥ ನಿಲುಗಡೆಗಳಲ್ಲಿ ನನಗೆ ಅತಿ ದೊಡ್ಡದೆನಿಸುವುದು 1938ರ ಡಿಸೆಂಬರಿನದು. ನಾಜಿ ಜರ್ಮನಿಯಿಂದ ಪಾರಾಗಿ ಬಂದಿದ್ದ ಭೌತವಿಜ್ಞಾನಿ ಲೀಸ ಮೈಟ್ನರ್ ಸ್ವೀಡನ್ನಿನ ಕುಂಗೆಲ್ವ್ ಊರಿನಲ್ಲಿದ್ದರು. ಅಕ್ಕನ ಮಗ ಆಟೊ ಫ್ರಿಶ್ ಕ್ರಿಸ್‌ಮಸ್‌ಗೆ ಬಂದಿದ್ದ. ತನ್ನ ಹೊಸ ಪ್ರಯೋಗದ ಬಗ್ಗೆ ಹೇಳಬೇಕೆಂದಿದ್ದ. ಚಿಕ್ಕಮ್ಮ ಕೇಳಿಸಿಕೊಳ್ಳಲಿಲ್ಲ, ಬರ್ಲಿನ್ನಿನಿಂದ ರಸಾಯನವಿಜ್ಞಾನಿ ಆಟೊ ಹಾನ್ ಬರೆದ ಪತ್ರ ಓದಿಸಿದರು. ಯುರೇನಿಯಮ್‌ಗೆ ನ್ಯೂಟ್ರಾನ್ ತಾಗಿಸಿದರೆ ಬೇರಿಯಮ್ ಸಿಗುತ್ತಿದೆ, ಹೇಗೆ? ಹಿಮದಲ್ಲಿ ಇಬ್ಬರೂ ಹೊರಟರು, ಅವನು ಸ್ಕೀ ಮೇಲೆ, ಅವರು ಕಾಲ್ನಡಿಗೆಯಲ್ಲಿ. ಪರಮಾಣು ಬೀಜ ಒಡೆಯುವ ಗಟ್ಟಿ ವಸ್ತುವಲ್ಲ, ದ್ರವದ ಹನಿಯಂತೆ ನಡುವೆ ಸಣ್ಣಗಾಗಿ ಎರಡಾಗಬಹುದು ಎಂಬಲ್ಲಿಗೆ ಮಾತು ಬಂದಾಗ ಇಬ್ಬರೂ ಮರದ ದಿಮ್ಮಿಯೊಂದರ ಮೇಲೆ ಕೂತು ಕಾಗದದ ಚೂರುಗಳಲ್ಲಿ ಲೆಕ್ಕ ಹಾಕತೊಡಗಿದರು. ಎರಡು ಹೋಳುಗಳ ವಿದ್ಯುತ್ ವಿಕರ್ಷಣೆಯಿಂದ ಸುಮಾರು 200 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಹೊಮ್ಮಬೇಕಿತ್ತು. ಮೈಟ್ನರ್ ನೆನಪಿನಿಂದಲೇ ಬೀಜಗಳ ತೂಕ ತಾಳೆಹಾಕಿದರು. ಕರಗುವ ದ್ರವ್ಯರಾಶಿ ಪ್ರೋಟಾನಿನ ಐದನೇ ಒಂದು ಭಾಗ. ಐನ್‌ಸ್ಟೈನ್ ಸೂತ್ರಕ್ಕೆ ಹಾಕಿದರೆ ಅದೂ 200 ಮಿಲಿಯನ್. ಬೀಜ ವಿದಳನದ ಈ ವಿವರಣೆ 1939ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇಬ್ಬರ ಹೆಸರಿನಲ್ಲೂ ಅಚ್ಚಾಯಿತು.