ರೆಕ್ಕೆಯಾಗದೆ ಉಳಿದ ಗುಂಡು

ಬೈಲಹೊಂಗಲದ ಕಾಲೇಜೊಂದರ ಪ್ರಾಣಿಶಾಸ್ತ್ರ ಪ್ರಯೋಗಾಲಯ. ಹತ್ತಿ ತುರುಕಿದ ಬಾಟಲಿಗಳ ತಳದಲ್ಲಿ ರವೆ, ಬೆಲ್ಲ, ಅಗರ್ ಕುದಿಸಿ ಹಾಕಿದ ಆಹಾರ. ಬೂಸು ಹಿಡಿಯದಿರಲಿ ಎಂದು ಒಂದಿಷ್ಟು ಪ್ರೊಪಿಯಾನಿಕ್ ಆಮ್ಲ. ಅದನ್ನೇ ಉಂಡು ಬೆಳೆದ ಡ್ರೊಸೊಫಿಲಾ ಎಂಬ ಹಣ್ಣಿನ ನೊಣಗಳು. ಈಥರ್‌ಗೆ ಮಂಪರು ಹತ್ತಿದ ಒಂದನ್ನು ಕುಂಚದ ತುದಿಯಿಂದ ಹೊರಳಿಸಿ, ಸವದತ್ತಿ ಕಡೆಯ ವಿದ್ಯಾರ್ಥಿನಿ "ರೆಕ್ಕಿ ಬ್ಯಾಡ್ರಿ ಸರ್, ಅದರ ಹಿಂದ ನೋಡ್ರಿ" ಎಂದಳು.

ರೆಕ್ಕೆಯ ಹಿಂದೆ, ಎರಡೂ ಪಕ್ಕಕ್ಕೆ, ಗಿಡ್ಡ ದಂಟಿನ ಮೇಲೊಂದು ಮಾಸಲು ಬಿಳಿ ಗುಂಡು. ಹಾಲ್ಟಿಯರ್. ಅಂದಿನಿಂದ ಮನೆಯ ನೊಣವಿರಲಿ, ಸೊಳ್ಳೆಯಿರಲಿ, ನನ್ನ ಕಣ್ಣು ಮೊದಲು ಹುಡುಕುವುದು ಇದನ್ನೇ. ಹಾರುವಾಗ ಇದು ರೆಕ್ಕೆಗೆ ಎದುರು ದಿಕ್ಕಿನಲ್ಲಿ ಬಡಿಯುತ್ತ, ಮೈ ಎತ್ತ ವಾಲಿತೆಂದು ಕ್ಷಣಕ್ಷಣವೂ ತಿಳಿಸುತ್ತದೆ. ಕಿತ್ತರೆ ನೊಣ ತೋಲ ತಪ್ಪಿ ಬೀಳುತ್ತದೆ.

ಈ ಗುಂಡು ರೆಕ್ಕೆಯಾಗಬೇಕಿದ್ದ ಅಂಗ. ಆಗದಂತೆ ತಡೆದದ್ದು ಅಲ್ಟ್ರಾಬೈಥೊರಾಕ್ಸ್ ಎಂಬ ಜೀನು. ಎದೆಯ ಮೂರನೇ ಖಂಡದಲ್ಲಿ ಅದು ಕೆಟ್ಟರೆ ನಾಲ್ಕು ರೆಕ್ಕೆಯ ನೊಣ ಹುಟ್ಟುತ್ತದೆ. ಎಡ್ವರ್ಡ್ ಲೂಯಿಸ್ ಇದರ ಬೆನ್ನು ಹತ್ತಿ 1995ರಲ್ಲಿ ನೊಬೆಲ್ ಹಂಚಿಕೊಂಡರು. ಅದೇ ವರ್ಷ ವಿಜ್ಞಾನಿ ಗೆಹ್ರಿಂಗ್ ಅವರ ತಂಡ 'ಐಲೆಸ್' ಜೀನನ್ನು ಬೇರೆಡೆ ಚಾಲೂ ಮಾಡಿ ನೊಣದ ಕಾಲಿನ ಮೇಲೂ ಕಣ್ಣು ಮೂಡಿಸಿತು. ಇಲಿಯ ಅಂಥದೇ ಜೀನು ಹಾಕಿದರೂ ಮೂಡಿದ್ದು ನೊಣದ ಕಣ್ಣೇ!

ಇಂಥ ಒಂದು ಯಜಮಾನ ಜೀನು ಎಲ್ಲವನ್ನೂ ಆಳುತ್ತದೆ ಎಂಬ ಪಠ್ಯಪುಸ್ತಕದ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ಜೇನುನೊಣದ ಹಿಂದಿನ ರೆಕ್ಕೆಯಲ್ಲೂ ಅಲ್ಟ್ರಾಬೈಥೊರಾಕ್ಸ್ ಇದೆ. ಆದರೂ ರೆಕ್ಕೆ ರೆಕ್ಕೆಯಾಗಿಯೇ ಬೆಳೆಯುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ ಕೇಂಬ್ರಿಡ್ಜ್‌ಗೆ ಹೋದ ಎಲ್.ಎಸ್. ಶಶಿಧರ ಅವರು ಹೈದರಾಬಾದ್, ಪುಣೆಗಳಲ್ಲಿ ವರ್ಷಗಟ್ಟಲೆ ಬಿಡಿಸಲು ಕೂತದ್ದು ಈ ಗಂಟನ್ನೇ. ಅವರ ತಂಡ ಜೇನುನೊಣದ ಇದೇ ಜೀನನ್ನು ಡ್ರೊಸೊಫಿಲಾಕ್ಕೆ ಸೇರಿಸಿದಾಗ ಅದೂ ರೆಕ್ಕೆಯ ಬೆಳವಣಿಗೆಯನ್ನು ತಡೆಯಿತು. ಅಂದಮೇಲೆ ವ್ಯತ್ಯಾಸವಿರುವುದು ಅಪ್ಪಣೆ ಕೊಡುವ ಜೀನಿಗಿಂತ ಹೆಚ್ಚಾಗಿ, ಅಪ್ಪಣೆ ಪಾಲಿಸುವ ಜೀನುಗಳಲ್ಲಿ. ನಮ್ಮ ಪಕ್ಕದ ಧಾರವಾಡದಲ್ಲಿ ಓದಿದವರ ಈ ಕೆಲಸ ನಮ್ಮ ತರಗತಿಗಳಿಗೆ ಇನ್ನೂ ಬಂದಿಲ್ಲವೆಂಬುದು ನನಗೆ ನೋವಿನ ಸಂಗತಿ.

ಕಿತ್ತೂರು, ರಾಮದುರ್ಗದ ವಿಜ್ಞಾನ ಶಿಕ್ಷಕರಲ್ಲಿ ಒಂದು ಕೋರಿಕೆ. ಕಳಿತ ಬಾಳೆಹಣ್ಣನ್ನು ಬಾಟಲಿಯಲ್ಲಿ ತೆರೆದಿಡಿ, ನೊಣಗಳು ತಾವಾಗಿ ಬರುತ್ತವೆ. ಬಾಯಿಗೆ ಹತ್ತಿ ತುರುಕಿಟ್ಟರೆ ಹತ್ತು-ಹನ್ನೆರಡು ದಿನಕ್ಕೆ ಹೊಸ ಪೀಳಿಗೆ ಸಿದ್ಧ. ಕಪಾಟಿನಲ್ಲಿರುವ ಸೂಕ್ಷ್ಮದರ್ಶಕ ಹೊರತೆಗೆದು, ಮಕ್ಕಳಿಗೆ ರೆಕ್ಕೆಯ ಹಿಂದಿನ ಆ ಗುಂಡನ್ನು ತೋರಿಸಿ.