ಐಕಾನ್‌ಗಳ ಬಣ್ಣ ಬದಲಿಸುವುದು: ಹೇಗೆ ಮತ್ತು ಏಕೆ?

ಅಂಗಡಿಯಿಂದ ತಂದ ಬಿಸ್ಕತ್ತಿನ ಪೊಟ್ಟಣವೊಂದನ್ನು ಕೈಗೆತ್ತಿಕೊಂಡು ನೋಡಿ. ಅದರ ಮೂಲೆಯಲ್ಲಿ ಪುಟ್ಟದೊಂದು ಹಸಿರು ಚೌಕ, ಅದರೊಳಗೆ ಹಸಿರು ಚುಕ್ಕೆ ಇರುತ್ತದೆ. ಇದು ಸಸ್ಯಾಹಾರದ ಗುರುತು ಎಂಬುದು ನಿಮಗೆ ಗೊತ್ತು. ಮಾಂಸಾಹಾರದ ಗುರುತೂ ಹಿಂದೆ ಇದೇ ರೀತಿ ಚೌಕದೊಳಗಿನ ಚುಕ್ಕೆಯೇ ಆಗಿತ್ತು. ಬಣ್ಣ ಮಾತ್ರ ಕಂದು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2020ರಲ್ಲಿ ಹೊರಡಿಸಿದ ಲೇಬಲ್ ನಿಯಮಗಳಲ್ಲಿ ಕಂದು ಚುಕ್ಕೆಯ ಜಾಗಕ್ಕೆ ಕಂದು ತ್ರಿಕೋನ ಬಂದಿತು. ಹಸಿರು ಮತ್ತು ಕಂದು ಬಣ್ಣಗಳ ವ್ಯತ್ಯಾಸ ಕಾಣಿಸದವರಿಗೂ ಗುರುತು ತಿಳಿಯಲಿ ಎಂಬುದೇ ಈ ಬದಲಾವಣೆಯ ಉದ್ದೇಶ.

ಈಗ ನಿಮ್ಮ ತರಗತಿಗೆ ಬನ್ನಿ. ಎಂಟನೇ ತರಗತಿಗೆ ಆಹಾರದ ಪಾಠ ಮಾಡಲು ನೀವು ಒಂದು ಸ್ಲೈಡ್ ಸಿದ್ಧಪಡಿಸಿದ್ದೀರಿ ಎಂದುಕೊಳ್ಳಿ. ದಿನವೂ ತಿನ್ನಬಹುದಾದ ಪದಾರ್ಥಗಳ ಪಕ್ಕ ಹಸಿರು ಚುಕ್ಕೆ, ಅಪರೂಪಕ್ಕೆ ತಿನ್ನಬೇಕಾದವುಗಳ ಪಕ್ಕ ಕೆಂಪು ಚುಕ್ಕೆ ಹಾಕಿದ್ದೀರಿ. ಹಿಂದಿನ ಬೆಂಚಿನ ಹುಡುಗನೊಬ್ಬ ಎಲ್ಲವನ್ನೂ ತಲೆಕೆಳಗಾಗಿ ಹೇಳುತ್ತಾನೆ. ಅವನಿಗೆ ಪಾಠದ ಮೇಲೆ ಗಮನವಿಲ್ಲ ಎಂದು ನೀವು ಗದರಿಸಬಹುದು. ಆದರೆ ಅವನ ಕಣ್ಣಿಗೆ ಎರಡು ಚುಕ್ಕೆಗಳೂ ಒಂದೇ ಬಗೆಯ ಮಣ್ಣುಬಣ್ಣವಾಗಿ ಕಂಡಿರಲು ಸಾಧ್ಯ. ಆ ಹುಡುಗನಿಗೆ ತನ್ನ ಕಣ್ಣು ಬೇರೆಯವರ ಕಣ್ಣಿನಂತಿಲ್ಲ ಎಂಬುದೇ ತಿಳಿದಿರುವುದಿಲ್ಲ.

ಇಂತಹ ಸ್ಲೈಡನ್ನು ಸರಿಪಡಿಸುವುದು ಹತ್ತು ನಿಮಿಷದ ಕೆಲಸ. ಆದರೆ ಆ ಕೆಲಸಕ್ಕೆ ಕುಳಿತಾಗ ಬಹುತೇಕ ಎಲ್ಲರಿಗೂ ಎದುರಾಗುವ ಸೋಜಿಗವೊಂದಿದೆ. ಒಂದು ಐಕಾನ್ ಕ್ಲಿಕ್ ಮಾಡಿದ ತಕ್ಷಣ ಬಣ್ಣ ಬದಲಿಸಿಕೊಳ್ಳುತ್ತದೆ, ಪಕ್ಕದ ಇನ್ನೊಂದು ಏನು ಮಾಡಿದರೂ ಕಪ್ಪಾಗಿಯೇ ಉಳಿಯುತ್ತದೆ. ತಪ್ಪು ನಿಮ್ಮದಲ್ಲ. ಆ ಎರಡು ಐಕಾನ್‌ಗಳು ಗಣಕದಲ್ಲಿ ಸಂಗ್ರಹವಾಗಿರುವ ವಿಧಾನವೇ ಬೇರೆ ಬೇರೆ.

ಮೊದಲನೆಯ ವಿಧಾನದಲ್ಲಿ ಚಿತ್ರವೆಂದರೆ ಒಂದು ವಿವರಣೆ. ‘ಈ ಬಿಂದುವಿನಿಂದ ಆ ಬಿಂದುವಿಗೆ ಹೀಗೊಂದು ವಕ್ರರೇಖೆ ಎಳೆ, ಒಳಗೆ ಕಪ್ಪು ತುಂಬು’ ಎಂಬಂತಹ ಸೂಚನೆಗಳ ಪಟ್ಟಿ. ಇದನ್ನು ವೆಕ್ಟರ್ ಚಿತ್ರ ಎನ್ನುತ್ತಾರೆ. ಇಂತಹ ಚಿತ್ರಗಳಿಗೆಂದೇ ಇರುವ ಎಸ್‌ವಿಜಿ ಎಂಬ ಕಡತ ಮಾದರಿ 2001ರಲ್ಲಿ ಜಾಲತಾಣಗಳ ಶಿಷ್ಟತೆಯಾಗಿ ಅಂಗೀಕೃತವಾಯಿತು. ಎರಡನೆಯ ವಿಧಾನದಲ್ಲಿ ಚಿತ್ರವೆಂದರೆ ರಂಗೋಲಿಯ ಚುಕ್ಕಿಗಳಂತೆ ಸಾಲಾಗಿ ಜೋಡಿಸಿದ ಪಿಕ್ಸೆಲ್‌ಗಳು. 64 ಅಡ್ಡ, 64 ಉದ್ದದ ಐಕಾನ್ ಎಂದರೆ 4,096 ಪಿಕ್ಸೆಲ್‌ಗಳು. ಪ್ರತಿಯೊಂದಕ್ಕೂ ಕೆಂಪು, ಹಸಿರು, ನೀಲಿಗೆ 0ಯಿಂದ 255ರವರೆಗಿನ ಒಂದೊಂದು ಸಂಖ್ಯೆ. ಪಿಎನ್‌ಜಿ ಕಡತಗಳಲ್ಲಿ ಸಾಮಾನ್ಯವಾಗಿ ನಾಲ್ಕನೆಯದೊಂದು ಸಂಖ್ಯೆಯೂ ಇರುತ್ತದೆ. ಅದು ಆ ಪಿಕ್ಸೆಲ್ ಎಷ್ಟು ಪಾರದರ್ಶಕ ಎಂಬುದನ್ನು ಹೇಳುತ್ತದೆ. ಅದಕ್ಕೆ ಆಲ್ಫಾ ಎಂದು ಹೆಸರು.

ವೆಕ್ಟರ್ ಐಕಾನಿನ ಬಣ್ಣ ಬದಲಿಸಲು ಒಂದು ಸೂಚನೆ ಬದಲಿಸಿದರೆ ಸಾಕು. ಪಿಕ್ಸೆಲ್ ಐಕಾನಿನಲ್ಲಿ ಸಾವಿರಾರು ಸಂಖ್ಯೆಗಳನ್ನು ಬದಲಿಸಬೇಕು. ಅದರಲ್ಲಿ ಯಾವುದು ಚಿತ್ರಕ್ಕೆ ಸೇರಿದ್ದು, ಯಾವುದು ಹಿನ್ನೆಲೆ ಎಂಬುದು ತಂತ್ರಾಂಶಕ್ಕೆ ತಾನಾಗಿ ತಿಳಿಯದು. ಆದ್ದರಿಂದ ಐಕಾನ್ ಸಂಗ್ರಹಿಸುವಾಗ ಎಸ್‌ವಿಜಿ ಸಿಗುವಂತಿದ್ದರೆ ಅದನ್ನೇ ಇಳಿಸಿಕೊಳ್ಳಿ. ಮುಂದಿನ ಅರ್ಧ ಕಷ್ಟ ಅಲ್ಲೇ ತಪ್ಪುತ್ತದೆ.

ಪವರ್‌ಪಾಯಿಂಟ್ 2019 ಅಥವಾ ಅದರ ನಂತರದ ಆವೃತ್ತಿಯಲ್ಲಿ ‘ಇನ್ಸರ್ಟ್’ ಪಟ್ಟಿಯಲ್ಲಿ ‘ಐಕಾನ್ಸ್’ ಎಂಬ ಗುಂಡಿಯಿದೆ. ಅಲ್ಲಿಂದ ಬರುವ ಐಕಾನ್‌ಗಳು ವೆಕ್ಟರ್. ನೀವೇ ಇಳಿಸಿಕೊಂಡ ಎಸ್‌ವಿಜಿ ಕಡತವನ್ನೂ ಚಿತ್ರದಂತೆ ಸೇರಿಸಬಹುದು. ಐಕಾನ್ ಮೇಲೆ ಕ್ಲಿಕ್ ಮಾಡಿದಾಗ ಮೇಲ್ಗಡೆ ‘ಗ್ರಾಫಿಕ್ಸ್ ಫಾರ್ಮ್ಯಾಟ್’ ಪಟ್ಟಿ ತೆರೆಯುತ್ತದೆ. ಅದರಲ್ಲಿರುವ ‘ಗ್ರಾಫಿಕ್ಸ್ ಫಿಲ್’ ಒತ್ತಿ ಬಣ್ಣ ಆರಿಸಿ. ಬರಿಯ ಗೆರೆಗಳಿಂದಾದ ಐಕಾನ್ ಆಗಿದ್ದರೆ ‘ಗ್ರಾಫಿಕ್ಸ್ ಔಟ್‌ಲೈನ್’ ಬಳಸಬೇಕು. ಇಲ್ಲವಾದರೆ ಗೆರೆಗಳ ನಡುವಿನ ಖಾಲಿ ಜಾಗ ತುಂಬಿಕೊಂಡು ಚಿತ್ರ ಮುದ್ದೆಯಾಗುತ್ತದೆ. ಫಿಲ್ ಇಡೀ ಐಕಾನಿಗೆ ಒಂದೇ ಬಣ್ಣ ಬಳಿಯುತ್ತದೆ. ಗಿಡದ ಎಲೆಗೊಂದು, ಕುಂಡಕ್ಕೊಂದು ಬಣ್ಣ ಬೇಕಿದ್ದರೆ ‘ಕನ್ವರ್ಟ್ ಟು ಶೇಪ್’ ಒತ್ತಿ. ಐಕಾನ್ ಬಿಡಿ ಆಕಾರಗಳಾಗುತ್ತದೆ, ಒಂದೊಂದಕ್ಕೂ ಬೇರೆ ಬಣ್ಣ ಕೊಡಬಹುದು. ಬಣ್ಣಗಳ ಪಟ್ಟಿಯಲ್ಲಿ ಮೇಲ್ಭಾಗದ ‘ಥೀಮ್’ ಬಣ್ಣಗಳನ್ನೇ ಆರಿಸುವುದು ಜಾಣತನ. ನಾಳೆ ಇಡೀ ಸ್ಲೈಡ್‌ಗಳ ವಿನ್ಯಾಸ ಬದಲಿಸಿದರೆ ಐಕಾನ್‌ಗಳೂ ಅದರ ಜೊತೆ ಬದಲಾಗುತ್ತವೆ.

ಹಳೆಯ ಬಳಕೆದಾರರಿಗೆ ನೆನಪಿರಬಹುದು. 2003ರ ಆವೃತ್ತಿಯವರೆಗೆ ಪವರ್‌ಪಾಯಿಂಟಿನಲ್ಲಿ ಕ್ಲಿಪ್ ಆರ್ಟ್ ಚಿತ್ರಗಳ ಒಂದೊಂದೇ ಬಣ್ಣವನ್ನು ಬದಲಿಸುವ ‘ರಿಕಲರ್ ಪಿಕ್ಚರ್’ ಸೌಲಭ್ಯವಿತ್ತು. ಅದು ಕೆಲಸ ಮಾಡುತ್ತಿದ್ದುದೂ ಆ ಕ್ಲಿಪ್ ಆರ್ಟ್‌ಗಳು ವೆಕ್ಟರ್ ಆಗಿದ್ದವು ಎಂಬ ಕಾರಣಕ್ಕೇ.

ನಿಮ್ಮ ಶಾಲೆಯ ಗಣಕದಲ್ಲಿ ಉಬುಂಟು ಇದ್ದರೆ ಲಿಬ್ರೆಆಫೀಸ್ ಇಂಪ್ರೆಸ್ ಬಳಸಬಹುದು. ಎಸ್‌ವಿಜಿ ಐಕಾನನ್ನು ಸೇರಿಸಿ, ಅದರ ಮೇಲೆ ಮೌಸಿನ ಬಲಗುಂಡಿ ಒತ್ತಿ ‘ಬ್ರೇಕ್’ ಆರಿಸಿ. ಚಿತ್ರ ಆಕಾರಗಳಾಗಿ ಒಡೆಯುತ್ತದೆ. ಬೇಕಾದ ಆಕಾರವನ್ನು ಹಿಡಿದು ‘ಏರಿಯಾ’ ವಿಭಾಗದಲ್ಲಿ ಬಣ್ಣ ಕೊಡಿ. ಪಿಕ್ಸೆಲ್ ಚಿತ್ರಗಳಿಗಾಗಿ ಅದರಲ್ಲಿ ‘ಕಲರ್ ರಿಪ್ಲೇಸರ್’ ಎಂಬ ಉಪಕರಣವಿದೆ. ಒಮ್ಮೆಗೆ ನಾಲ್ಕು ಬಣ್ಣಗಳವರೆಗೆ ಬದಲಿಸುತ್ತದೆ. ಹೆಚ್ಚು ಕೆಲಸವಿದ್ದರೆ ಇಂಕ್‌ಸ್ಕೇಪ್ ಎಂಬ ಉಚಿತ ತಂತ್ರಾಂಶವನ್ನು ಕಲಿಯುವುದು ಒಳ್ಳೆಯದು. ಐಕಾನಿನ ಭಾಗವನ್ನು ಆರಿಸಿ ಪರದೆಯ ಕೆಳಗಿನ ಬಣ್ಣದ ಪಟ್ಟಿಯಲ್ಲಿ ಕ್ಲಿಕ್ ಮಾಡಿದರೆ ಒಳಬಣ್ಣ ಬದಲಾಗುತ್ತದೆ, ಶಿಫ್ಟ್ ಕೀಲಿ ಒತ್ತಿಹಿಡಿದು ಕ್ಲಿಕ್ ಮಾಡಿದರೆ ಅಂಚಿನ ಗೆರೆಯ ಬಣ್ಣ.

ಯಾವ ತಂತ್ರಾಂಶವೂ ಇಲ್ಲದೆ ಕೇವಲ ನೋಟ್‌ಪ್ಯಾಡಿನಲ್ಲೂ ಈ ಕೆಲಸ ಮಾಡಬಹುದು. ವಿದ್ಯಾರ್ಥಿಗಳು ಇದನ್ನೊಮ್ಮೆ ಮಾಡಿಯೇ ನೋಡಬೇಕು. ಎಸ್‌ವಿಜಿ ಕಡತದ ಒಂದು ಪ್ರತಿ ತೆಗೆದು ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಒಳಗಿರುವುದು ಓದಬಹುದಾದ ಪಠ್ಯ! ಅದರಲ್ಲಿ #000000 ಎಂದಿರುವಲ್ಲೆಲ್ಲ #006699 ಎಂದು ಬದಲಿಸಿ ಉಳಿಸಿ. ಕಪ್ಪು ಐಕಾನ್ ಗಾಢ ನೀಲಿಯಾಗಿರುತ್ತದೆ. ಈ ಆರು ಅಂಕೆಗಳಲ್ಲಿ ಮೊದಲ ಎರಡು ಕೆಂಪಿನ, ನಂತರದ ಎರಡು ಹಸಿರಿನ, ಕೊನೆಯ ಎರಡು ನೀಲಿಯ ಪ್ರಮಾಣ. ಹದಿನಾರರ ಆಧಾರದ ಸಂಖ್ಯಾಪದ್ಧತಿಯಲ್ಲಿ 66 ಎಂದರೆ 6×16+6, ಅಂದರೆ ನಮ್ಮ 102. 99 ಎಂದರೆ 153. ಬಣ್ಣದ ಸಂಖ್ಯೆಯೇ ಕಾಣಿಸದಿದ್ದರೂ ಗಾಬರಿಯಾಗಬೇಡಿ. ಏನೂ ಹೇಳದಿದ್ದರೆ ಕಪ್ಪು ತುಂಬಬೇಕು ಎಂಬುದು ಎಸ್‌ವಿಜಿಯ ನಿಯಮ. ಆಗ ಎಸ್‌ವಿಜಿ ಎಂದು ಆರಂಭವಾಗುವ ಮೊದಲ ಆವರಣದೊಳಗೆ, ಅದು ಮುಚ್ಚುವ ಮುನ್ನ, ಒಂದು ಜಾಗ ಬಿಟ್ಟು ಫಿಲ್ ಎಂದು ಇಂಗ್ಲಿಷಿನಲ್ಲಿ ಬರೆದು, ಸಮ ಚಿಹ್ನೆ ಹಾಕಿ, ಉದ್ಧರಣ ಚಿಹ್ನೆಗಳ ನಡುವೆ ಬಣ್ಣದ ಸಂಖ್ಯೆ ಸೇರಿಸಿ.

ಪಿಕ್ಸೆಲ್ ಐಕಾನ್ ಮಾತ್ರವೇ ಸಿಕ್ಕಿದ್ದರೆ ಸ್ವಲ್ಪ ಎಚ್ಚರ ಬೇಕು. ಜಿಂಪ್ ಅಥವಾ ಅಂತಹ ಯಾವುದೇ ತಂತ್ರಾಂಶದಲ್ಲಿ ಬಣ್ಣದ ಛಾಯೆ ತಿರುಗಿಸುವ ಗುಂಡಿ ಇರುತ್ತದೆ. ಕಪ್ಪು ಐಕಾನಿನ ಮೇಲೆ ಅದನ್ನು ಎಷ್ಟು ತಿರುಗಿಸಿದರೂ ಏನೂ ಆಗದು. ಕಪ್ಪು ಎಂದರೆ ಮೂರೂ ಸಂಖ್ಯೆಗಳು ಸೊನ್ನೆ. ಅದರಲ್ಲಿ ತಿರುಗಿಸಲು ಛಾಯೆಯೇ ಇಲ್ಲ. ಪವರ್‌ಪಾಯಿಂಟಿನಲ್ಲಿ ಪಿಎನ್‌ಜಿ ಚಿತ್ರಕ್ಕೆ ‘ರಿಕಲರ್’ ಬಳಸುವಾಗಲೂ ಇದೇ ತೊಡಕು: ‘ಡಾರ್ಕ್’ ಎಂದಿರುವ ಮಾದರಿಗಳಲ್ಲಿ ಕಪ್ಪು ಕಪ್ಪಾಗಿಯೇ ಉಳಿಯುತ್ತದೆ, ‘ಲೈಟ್’ ಮಾದರಿಗಳಲ್ಲಿ ಬಣ್ಣಕ್ಕೆ ತಿರುಗುತ್ತದೆ.

ಬಕೆಟ್ ಉಪಕರಣದಿಂದ ನೇರವಾಗಿ ಬಣ್ಣ ಸುರಿದರೆ ಐಕಾನಿನ ಸುತ್ತ ಬೂದು ಬಣ್ಣದ ಕೊಳಕು ಅಂಚು ಉಳಿಯುವುದನ್ನು ನೀವು ಗಮನಿಸಿರಬಹುದು. ಓರೆ ಗೆರೆಗಳು ಮೆಟ್ಟಿಲಿನಂತೆ ಕಾಣಬಾರದೆಂದು ಅಂಚಿನ ಪಿಕ್ಸೆಲ್‌ಗಳಿಗೆ ಕಪ್ಪು ಬಿಳಿಗಳ ನಡುವಿನ ಬಣ್ಣ ಕೊಟ್ಟಿರುತ್ತಾರೆ. ಬಕೆಟ್ ಕಪ್ಪನ್ನು ಹಿಡಿಯುತ್ತದೆ, ಈ ಬೂದನ್ನು ಬಿಟ್ಟುಬಿಡುತ್ತದೆ. ಇದಕ್ಕೆ ಪರಿಹಾರ ಸುಲಭ. ಬಿಳಿ ಹಿನ್ನೆಲೆಯ ಕಪ್ಪು ಐಕಾನ್ ಆಗಿದ್ದರೆ ಜಿಂಪಿನಲ್ಲಿ ಮೊದಲು ‘ಕಲರ್ ಟು ಆಲ್ಫಾ’ ಬಳಸಿ ಬಿಳಿಯನ್ನು ಪಾರದರ್ಶಕ ಮಾಡಿ. ಬೂದು ಪಿಕ್ಸೆಲ್‌ಗಳು ಅರೆಪಾರದರ್ಶಕ ಕಪ್ಪಾಗುತ್ತವೆ. ಆಮೇಲೆ ಪದರಗಳ ಪಟ್ಟಿಯಲ್ಲಿ ಆಲ್ಫಾಗೆ ಬೀಗ ಹಾಕಿ, ಇಡೀ ಪದರಕ್ಕೆ ಬೇಕಾದ ಬಣ್ಣ ತುಂಬಿ. ಪಾರದರ್ಶಕತೆ ಹಾಗೆಯೇ ಉಳಿದು ಬಣ್ಣ ಮಾತ್ರ ಬದಲಾಗುವುದರಿಂದ ಅಂಚು ನುಣುಪಾಗಿರುತ್ತದೆ. ಹಿನ್ನೆಲೆ ಮೊದಲೇ ಪಾರದರ್ಶಕವಾಗಿದ್ದರೆ ಬೀಗ ಹಾಕಿ ತುಂಬಿದರಷ್ಟೇ ಸಾಕು. ಜೆಪೆಗ್ ಕಡತಗಳಲ್ಲಿ ಆಲ್ಫಾ ಇಲ್ಲ. ಜೊತೆಗೆ ಗಾತ್ರ ಕುಗ್ಗಿಸುವಾಗ ಅಂಚುಗಳ ಸುತ್ತ ಮಸುಕಾದ ಕಲೆಗಳು ಸೇರಿಕೊಂಡಿರುತ್ತವೆ. ಐಕಾನ್‌ಗಳಿಗೆ ಜೆಪೆಗ್ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಕಲಿತ ಮೇಲೆ ಯಾವ ಬಣ್ಣ ಕೊಡಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಆ ಹುಡುಗನ ಕಣ್ಣಿಗೆ ಹಿಂತಿರುಗೋಣ. ನಮ್ಮ ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕು ಕೋಶಗಳಿವೆ. ಅವುಗಳಲ್ಲಿ ಕೆಂಪು ಮತ್ತು ಹಸಿರನ್ನು ಬೇರ್ಪಡಿಸಲು ನೆರವಾಗುವ ಎರಡು ಬಗೆಗಳ ವರ್ಣಕಗಳ ಜೀನ್‌ಗಳು ಎಕ್ಸ್ ವರ್ಣತಂತುವಿನ ಮೇಲಿವೆ. ಗಂಡುಮಕ್ಕಳಿಗೆ ಒಂದೇ ಎಕ್ಸ್ ಇರುವುದರಿಂದ ಅದರಲ್ಲಿ ದೋಷವಿದ್ದರೆ ಮರೆಮಾಚಲು ಇನ್ನೊಂದಿಲ್ಲ. ಉತ್ತರ ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ ಈ ದೋಷವಿದೆ. ಭಾರತದಲ್ಲಿ ಪ್ರಮಾಣ ಇದಕ್ಕಿಂತ ಕಡಿಮೆ. ಆದರೂ ದೊಡ್ಡ ತರಗತಿಯಲ್ಲಿ ಒಬ್ಬನಾದರೂ ಇರುತ್ತಾನೆ ಎಂದೇ ಭಾವಿಸಿ ಸ್ಲೈಡ್ ಮಾಡುವುದು ಒಳಿತು.

ಛಾಯೆ ಕೈಕೊಟ್ಟಾಗ ಕಣ್ಣಿಗೆ ನೆರವಾಗುವುದು ಹೊಳಪಿನ ವ್ಯತ್ಯಾಸ. ಅದನ್ನು ಅಳೆಯಲು ಸೂತ್ರವಿದೆ. ಶುದ್ಧ ಬಿಳಿಯ ಹೊಳಪನ್ನು 1 ಎಂದುಕೊಂಡರೆ ಅದರಲ್ಲಿ ಹಸಿರಿನ ಪಾಲು 0.7152, ಕೆಂಪಿನದು 0.2126, ನೀಲಿಯದು 0.0722 ಮಾತ್ರ. ಎರಡು ಬಣ್ಣಗಳ ಹೊಳಪಿಗೆ 0.05 ಸೇರಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಅವುಗಳ ವೈದೃಶ್ಯದ ಅನುಪಾತ ಸಿಗುತ್ತದೆ. ಬಿಳಿ ಹಿನ್ನೆಲೆಯಲ್ಲಿ ಅಪ್ಪಟ ಹಳದಿ ಐಕಾನಿನ ಅನುಪಾತ 1.07. ಅಂದರೆ ಯಾರ ಕಣ್ಣಿಗೂ ಕಾಣದಷ್ಟು ಕಡಿಮೆ. ಅಪ್ಪಟ ಹಸಿರು 1.37, ಕೆಂಪು 4.0, ನೀಲಿ 8.6. ಜಾಲತಾಣಗಳಿಗಾಗಿ 2018ರಲ್ಲಿ ಪ್ರಕಟವಾದ ಶಿಷ್ಟತೆಯ ಪ್ರಕಾರ ಅರ್ಥ ಹೇಳುವ ಚಿತ್ರಗಳಿಗೆ ಈ ಅನುಪಾತ ಕನಿಷ್ಠ 3 ಇರಬೇಕು. ಬೆಳಕು ತುಂಬಿದ ಕೊಠಡಿಯಲ್ಲಿ ಹಳೆಯ ಪ್ರೊಜೆಕ್ಟರ್ ಇದ್ದರೆ ಇನ್ನೂ ಹೆಚ್ಚಿರಲಿ. ಗಾಢ ಕೆಂಪು (200, 0, 0) ಮತ್ತು ಗಾಢ ಹಸಿರು (0, 100, 0) ಎರಡನ್ನೂ ಒಂದಕ್ಕೊಂದು ಹೋಲಿಸಿದರೆ ಅನುಪಾತ ಕೇವಲ 1.2. ತಪ್ಪು–ಸರಿ ತೋರಿಸಲು ನಾವು ಆರಿಸುವುದು ಹೆಚ್ಚಾಗಿ ಇಂತಹ ಜೋಡಿಯನ್ನೇ!

ಜಪಾನಿನ ಮಸಟಾಕಾ ಒಕಾಬೆ ಮತ್ತು ಕೇಯ್ ಇಟೊ ಎಂಬ ವಿಜ್ಞಾನಿಗಳು ಎಲ್ಲರೂ ಗುರುತಿಸಬಲ್ಲ ಎಂಟು ಬಣ್ಣಗಳ ಪಟ್ಟಿಯೊಂದನ್ನು ರೂಪಿಸಿದ್ದಾರೆ. ಅದರಲ್ಲಿ ಎರಡನ್ನು ಬರೆದಿಟ್ಟುಕೊಳ್ಳಿ: ನೀಲಿ (0, 114, 178) ಮತ್ತು ಕಿತ್ತಳೆಗೆಂಪು (213, 94, 0). ಬಿಳಿಯ ಮೇಲೆ ಇವುಗಳ ಅನುಪಾತ ಕ್ರಮವಾಗಿ 5.2 ಮತ್ತು 3.9. ಕೆಂಪು–ಹಸಿರಿನ ಬದಲು ಈ ಜೋಡಿ ಬಳಸಬಹುದು. ಅದರ ಜೊತೆ ಆಕಾರವನ್ನೂ ಬದಲಿಸಿ. ಒಂದಕ್ಕೆ ಚುಕ್ಕೆ, ಇನ್ನೊಂದಕ್ಕೆ ತ್ರಿಕೋನ.

ಎಲ್ಲ ಐಕಾನ್‌ಗಳ ಬಣ್ಣವನ್ನೂ ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ ಎಂಬುದನ್ನೂ ಮರೆಯಬಾರದು. ಪ್ರಯೋಗಾಲಯದ ಬಾಟಲಿಗಳ ಮೇಲಿನ ಅಪಾಯ ಸೂಚಕಗಳಿಗೆ ವಿಶ್ವಸಂಸ್ಥೆ ನಿಗದಿಪಡಿಸಿದ ರೂಪವಿದೆ: ತುದಿಯ ಮೇಲೆ ನಿಂತ ಕೆಂಪು ಅಂಚಿನ ಚೌಕ, ಬಿಳಿ ಹಿನ್ನೆಲೆ, ಕಪ್ಪು ಚಿತ್ರ. ಸ್ಲೈಡ್ ಅಂದವಾಗಲೆಂದು ಅದನ್ನು ನೇರಳೆ ಮಾಡಿದರೆ ಮಕ್ಕಳು ಬಾಟಲಿಯ ಮೇಲೆ ನಿಜವಾದ ಗುರುತನ್ನು ಕಂಡಾಗ ತಡವರಿಸುತ್ತಾರೆ. ಪ್ರಥಮ ಚಿಕಿತ್ಸೆಗೆ ಬಿಳಿಯ ಮೇಲೆ ಕೆಂಪು ಶಿಲುಬೆ ಹಾಕುವ ರೂಢಿಯೂ ತಪ್ಪು. ಅದು ರೆಡ್‌ಕ್ರಾಸ್ ಲಾಂಛನ. ನಮ್ಮ ದೇಶದ 1960ರ ಜಿನೀವಾ ಒಪ್ಪಂದಗಳ ಕಾಯಿದೆಯಡಿ ಅನುಮತಿಯಿಲ್ಲದೆ ಬಳಸುವಂತಿಲ್ಲ. ಹಸಿರಿನ ಮೇಲೆ ಬಿಳಿ ಶಿಲುಬೆ ಇರುವುದೇ ಪ್ರಥಮ ಚಿಕಿತ್ಸೆಯ ಅಂತಾರಾಷ್ಟ್ರೀಯ ಚಿಹ್ನೆ. ಇಲ್ಲಿ ಮಾತ್ರ ನೀವು ಬಣ್ಣ ಬದಲಿಸಲೇಬೇಕು.

ಸ್ಲೈಡ್ ಸಿದ್ಧವಾದ ಮೇಲೆ ಪವರ್‌ಪಾಯಿಂಟ್ ಅಥವಾ ಇಂಪ್ರೆಸ್‌ನ ‘ವ್ಯೂ’ ಪಟ್ಟಿಯಲ್ಲಿ ‘ಗ್ರೇಸ್ಕೇಲ್’ ಆರಿಸಿ. ಸ್ಲೈಡ್ ಬರಿಯ ಬೂದು ಛಾಯೆಗಳಲ್ಲಿ ಕಾಣುತ್ತದೆ. ಆಗಲೂ ಯಾವುದು ಯಾವುದೆಂದು ಹೇಳಲು ಸಾಧ್ಯವಾದರೆ ತರಗತಿಗೆ ಒಯ್ಯಬಹುದು. ಇನ್ನೂ ನಿಖರವಾಗಿ ನೋಡಬೇಕೆಂದರೆ ಸ್ಲೈಡನ್ನು ಚಿತ್ರವಾಗಿ ಉಳಿಸಿ ಜಿಂಪಿನಲ್ಲಿ ತೆರೆಯಿರಿ. ಅದರ ‘ಡಿಸ್‌ಪ್ಲೇ ಫಿಲ್ಟರ್ಸ್’ನಲ್ಲಿ ಬಣ್ಣಗುರುಡಿನ ಕಣ್ಣಿಗೆ ಚಿತ್ರ ಹೇಗೆ ಕಾಣುತ್ತದೆ ಎಂದು ತೋರಿಸುವ ಸೌಲಭ್ಯವಿದೆ. ಆ ಹುಡುಗ ನಿಮ್ಮ ಸ್ಲೈಡಿನಲ್ಲಿ ಏನು ಕಂಡಿದ್ದ ಎಂಬುದು ಅಲ್ಲಿ ಗೊತ್ತಾಗುತ್ತದೆ.