ಪ್ರಶ್ನೆ ಮೊದಲು, ಚೌಕಟ್ಟು ಅನಂತರ

ನಮ್ಮ ಸಮಾಜದ ವಿದ್ಯಾವಂತ ಯುವಕ ಯುವತಿಯರು ತಮ್ಮ ಮನೆತನದ ಚರಿತ್ರೆಯನ್ನೂ ಶರಣರ ವಚನಗಳನ್ನೂ ಕುರಿತು ಸಂಶೋಧನೆಗೆ ತೊಡಗುತ್ತಿರುವುದು ಸಂತಸದ ಸಂಗತಿ. ಆದರೆ ಅನೇಕರು ಮತ್ತೊಬ್ಬರ ಪ್ರಬಂಧದ ಚೌಕಟ್ಟನ್ನು ಎರವಲು ತಂದು, ತಮ್ಮ ಪ್ರಶ್ನೆಯನ್ನು ಅದರೊಳಗೆ ತುರುಕುತ್ತಾರೆ. ಇದು ತರವಲ್ಲ.

ವಚನ ಸಾಹಿತ್ಯದ ನಿದರ್ಶನವನ್ನೇ ನೋಡೋಣ. ಪೂಜ್ಯ ಫ. ಗು. ಹಳಕಟ್ಟಿಯವರು 1923ರಲ್ಲಿ ಪ್ರಕಟಿಸಿದ ‘ವಚನಶಾಸ್ತ್ರಸಾರ’ದಲ್ಲಿ ವಚನಗಳನ್ನು ವಿಷಯಾನುಸಾರ ಜೋಡಿಸಿದರು. 1993ರಲ್ಲಿ ಕರ್ನಾಟಕ ಸರ್ಕಾರವು ಹೊರತಂದ 15 ಸಂಪುಟಗಳ ‘ಸಮಗ್ರ ವಚನ ಸಂಪುಟ’ದಲ್ಲಿ ಅವು ವಚನಕಾರರ ಹೆಸರಿನಡಿ ಬಂದಿವೆ. ಇವುಗಳಲ್ಲಿ ಯಾವ ಕ್ರಮ ಮೇಲು ಎಂಬ ವಾದ ನಿರರ್ಥಕ. ದಾಸೋಹವನ್ನು ಕುರಿತು ಶರಣರೆಲ್ಲರ ನಿಲುವೇನೆಂದು ಅರಿಯಬಯಸುವವರಿಗೆ ಮೊದಲನೆಯದು ಅನುಕೂಲ. ಅಕ್ಕಮಹಾದೇವಿಯವರ ನುಡಿಯ ವೈಶಿಷ್ಟ್ಯವನ್ನು ತಿಳಿಯಬಯಸುವವರಿಗೆ ಎರಡನೆಯದು. ಇನ್ನು ಕಾಲಾನುಕ್ರಮವೆಂದರೆ, ವಚನಗಳಲ್ಲಿ ಸಾಮಾನ್ಯವಾಗಿ ರಚನೆಯ ಕಾಲವೇ ನಮೂದಾಗಿಲ್ಲ. ಆಧಾರವಿಲ್ಲದೆಡೆ ವರ್ಷಗಳ ಪಟ್ಟಿ ಹಾಕುವುದು ಊಹೆಗೆ ಪಾಂಡಿತ್ಯದ ವೇಷ ತೊಡಿಸಿದಂತಾಗುತ್ತದೆ.

ಚೌಕಟ್ಟು ಜೋಡಣೆಯ ಕ್ರಮವನ್ನಷ್ಟೇ ಅಲ್ಲ, ಸಂಶೋಧನೆಯ ಎಲ್ಲೆಯನ್ನೂ ನಿರ್ಧರಿಸುತ್ತದೆ. ಬೆಂಗಳೂರಿನ ಶಿವಾಜಿನಗರದ ಒಂದು ಮನೆತನದ ಚರಿತ್ರೆಯನ್ನು ಬರೆಯುವವರು ಇದನ್ನು ಮೊದಲೇ ಯೋಚಿಸಬೇಕು. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರ ವಂಶಕ್ಕೆ ಮರಳಿದಾಗಲೂ ಶಿವಾಜಿನಗರವನ್ನೊಳಗೊಂಡ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಆಡಳಿತದಲ್ಲಿಯೇ ಉಳಿಸಿಕೊಂಡರು. ಅದು ಮೈಸೂರಿಗೆ ಮರಳಿದ್ದು 1947ರಲ್ಲಿ. ಪೇಟೆ ಮತ್ತು ದಂಡಿನ ಪುರಸಭೆಗಳು ಒಂದಾಗಿ ನಗರಸಭೆಯಾದದ್ದು 1949ರಲ್ಲಿ. ಆದಕಾರಣ ‘ಮೈಸೂರು ಸಂಸ್ಥಾನದಲ್ಲಿ ನಮ್ಮವರು’ ಎಂಬ ಚೌಕಟ್ಟು ಹಾಕಿಕೊಂಡು ಸಂಸ್ಥಾನದ ಕಡತಗಳನ್ನಷ್ಟೇ ನೋಡಿದರೆ, ದಂಡಿನಲ್ಲಿ ಬಾಳಿದ ಹಿರಿಯರು ಚರಿತ್ರೆಯಿಂದಲೇ ಹೊರಗುಳಿಯಬಹುದು. ದಂಡಿನ ಕಡತಗಳನ್ನಷ್ಟೇ ನಂಬಿದರೆ, ಪೇಟೆಯೊಡನೆ ಅವರಿಗಿದ್ದ ವ್ಯಾಪಾರ, ಬೀಗತನ ಹಾಗೂ ಗುರುಮಠದ ಸಂಬಂಧಗಳು ಕಾಣದೆ ಹೋಗಬಹುದು. ನೆಂಟಸ್ತನವು ಆಡಳಿತದ ಗಡಿಯನ್ನು ಕೇಳಿ ಬೆಳೆಯುವುದಿಲ್ಲ. ಇಲ್ಲಿ ಮನೆತನವನ್ನೇ ಕೇಂದ್ರವಾಗಿಟ್ಟುಕೊಂಡು, ಅದರ ಸಂಬಂಧಗಳು ಹಬ್ಬಿದಷ್ಟು ದೂರ ನಡೆಯುವುದೇ ಯೋಗ್ಯ ಮಾರ್ಗ.

ಆದ್ದರಿಂದ ಸಂಶೋಧನೆಗೆ ತೊಡಗುವವರಲ್ಲಿ ನಾವು ಅರಿಕೆ ಮಾಡಿಕೊಳ್ಳುವುದು ಇಷ್ಟೇ. ನೀವು ತಿಳಿಯಬೇಕಾದುದೇನೆಂಬುದನ್ನು ಮೊದಲು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿರಿ. ಅದಕ್ಕೆ ಉತ್ತರ ಕೊಡಬಲ್ಲ ಆಧಾರಗಳು ಎಲ್ಲಿವೆಯೆಂದು ವಿಚಾರಿಸಿರಿ. ಬಳಿಕ ಚೌಕಟ್ಟನ್ನು ಆರಿಸಿ, ಅದರಿಂದ ಯಾರು ಹೊರಗುಳಿಯುವರೆಂಬುದನ್ನೂ ಪ್ರಾಮಾಣಿಕವಾಗಿ ನಮೂದಿಸಿರಿ. ಸರ್ಕಾರದ ಕಡತಗಳು ಮುಂದೆಯೂ ದೊರೆತಾವು. ಮನೆಯ ಪೆಟ್ಟಿಗೆಯಲ್ಲಿರುವ ಲಗ್ನಪತ್ರಿಕೆ, ಅಂಗಡಿಯ ಲೆಕ್ಕದ ಪುಸ್ತಕಗಳು ಗೆದ್ದಲಿನ ಪಾಲಾದರೆ ಮರಳಿ ಬಾರವು. ಅಜ್ಜಿಯಂದಿರ ನೆನಪು ಅವರೊಡನೆಯೇ ಹೋಗಿಬಿಡುತ್ತದೆ. ಯಾವ ಚೌಕಟ್ಟನ್ನು ಆರಿಸಿದರೂ ಇವುಗಳಿಗೆ ಅದರಲ್ಲಿ ಎಡೆಯಿರಲಿ.